ಹೋಗುವ ತಂತಿ, ಬರುವ ತಂತಿ

“ಎಡಕ್ಕೆ, ಎಡಕ್ಕೆ! ನನ್ನ ಎಡ ಅಲ್ಲ ಮಾರಾಯ, ಅವರ ಎಡ!”

ಬಡಗಿ ಹೀಗೆ ಕೂಗುವಷ್ಟರಲ್ಲಿ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡೇಬಿಟ್ಟಿತು. ಕಾಲಿನ ತುದಿ ಗೋಡೆಯ ಸುಣ್ಣ ಕೆರೆಯಿತು, ತಲೆಯ ತುದಿ ಕಟಕಟೆಗೆ ಒರಗಿತು. ಹೊತ್ತಿದ್ದ ಆರು ಜನರಲ್ಲಿ ಇಬ್ಬರು ಗೋಡೆಗೂ ಪೆಟ್ಟಿಗೆಗೂ ನಡುವೆ ಚಪ್ಪಟೆಯಾಗಿ ನಿಂತು, ಯಾರಾದರೂ ಏನಾದರೂ ಹೇಳಲಿ ಎಂದು ಕಾದರು. ಕೆಳಗಿನ ಮೆಟ್ಟಿಲಲ್ಲಿದ್ದ ಮೇಷ್ಟ್ರು ಗಾಳಿಯಲ್ಲಿ ಬೆರಳಿನಿಂದ ಒಂದು ಕೋನ ಬರೆದು, ಅದು ಆಗುವ ಮಾತಲ್ಲವೆಂದು ತಮಗೇ ಹೊಳೆದು, ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

“ಬರೋವಾಗ ಹೇಗೆ ಬಂತು ಇದು ಮೇಲಕ್ಕೆ?” ಎಂದ ವ್ಯಾನಿನ ಡ್ರೈವರ್, ಬಾಗಿಲಲ್ಲೇ ನಿಂತು.

“ಬರೋವಾಗ ಖಾಲಿ ಇತ್ತಲ್ಲಪ್ಪ, ನೆಟ್ಟಗೆ ನಿಲ್ಲಿಸ್ಕೊಂಡು ತಂದ್ವಿ. ಈಗ ನಿಲ್ಲಿಸೋಕಾಗುತ್ತಾ? ಒಳಗೆ ಮನುಷ್ಯ ಇದಾರೆ.”

“ಇಪ್ಪತ್ತಾರು ವರ್ಷ ಭೂಮಿಯ ಅಯಸ್ಕಾಂತದ ಮೇಲೆ ತೇಲಿಸ್ತೀನಿ ಅಂತಿದ್ದ ಮನುಷ್ಯ,” ಎಂದ ಪಕ್ಕದ ಸಲೂನಿನವನು. ಪೆಟ್ಟಿಗೆಯ ಮೂಲೆಯೊಂದು ಅವನ ಹೆಗಲನ್ನು ಕೊರೆಯುತ್ತಿತ್ತು, ಬಾಯಿ ಮಾತ್ರ ಎಂದಿನಂತೆ ಬಿಡುವಾಗಿತ್ತು. “ಇವತ್ತೊಂದು ದಿನ ಎರಡಿಂಚು ಎದ್ದಿದ್ರೆ ನಮ್ಮ ಭುಜನಾದ್ರೂ ಉಳೀತಿತ್ತು.”

ಯಾರೋ ಮೂಗಿನಲ್ಲೇ ನಕ್ಕರು. ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಯಿತು: ಮೆಟ್ಟಿಲ ತುದಿಯಲ್ಲಿ ಸತ್ತವನ ಹೆಂಡತಿ ನಿಂತಿದ್ದಾಳೆ.

ಆಕೆ ಆರು ತಲೆಗಳನ್ನೂ ದಾಟಿ, ಪೆಟ್ಟಿಗೆಯನ್ನೂ ದಾಟಿ, ನೇರ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಚಪ್ಪಲಿಯ ಬಾರು ಸರಿ ಇದೆಯೇ ಎಂದು ಬಗ್ಗಿ ನೋಡಿದರು.

ಬೆಳಿಗ್ಗೆ ಬಂದ ಕೂಡಲೇ ಆಕೆ ಅವರನ್ನು ಕಿಟಕಿಯ ಹತ್ತಿರ ಕರೆದು ಹೇಳಿದ್ದಳು: “ಮೇಷ್ಟ್ರೇ, ಅಲ್ಲಿ ಮಣ್ಣು ಹಾಕೋಕೆ ಮುಂಚೆ ನೀವು ಎರಡು ಮಾತಾಡ್ಬೇಕು. ಉದ್ದ ಏನೂ ಬೇಡ. ಇವರು ಮಾಡ್ತಿದ್ದದ್ದು ಹುಚ್ಚಲ್ಲ, ಅದರಲ್ಲಿ ಹುರುಳಿತ್ತು ಅಂತ ಇವರೆಲ್ಲರ ಮುಂದೆ ಹೇಳಿ. ಯಾರು ನಕ್ಕಾಗಲೂ ನಾನು ಒಂದೇ ಹೇಳ್ತಿದ್ದೆ, ‘ಮೇಷ್ಟ್ರು ಲೆಕ್ಕ ಹಾಕಿ ಕೊಟ್ಟಿದಾರೆ’ ಅಂತ. ಈಗ ನಿಮ್ಮ ಬಾಯಿಂದಾನೇ ಬರಲಿ.”

“ಆಗಲಿ ತಂಗೀ,” ಎಂದುಬಿಟ್ಟಿದ್ದರು ಮೇಷ್ಟ್ರು. ಆ ಲೆಕ್ಕ ತಪ್ಪು ಎನ್ನುವುದು ಪ್ರಪಂಚದಲ್ಲಿ ತಮ್ಮೊಬ್ಬರಿಗೇ ಗೊತ್ತೆಂದು ಅವರು ನಂಬಿದ್ದರು.

“ಮೇಲಕ್ಕೇ ತಗೊಳ್ಳಿ,” ಎಂದಳು ಮಗಳು, ಅಮ್ಮನ ಹಿಂದಿನಿಂದ. ಮೂವತ್ತನಾಲ್ಕರ ಹೆಂಗಸು, ಬೆರಳ ತುದಿಗಳಲ್ಲಿ ವಾರ್ನಿಷಿನ ಕಂದು ಕಲೆ. “ಬಾಲ್ಕನಿಯಿಂದ ಇಳಿಸೋಣ. ಅಂಗಡಿಯಲ್ಲಿ ಚೈನ್ ಪುಲ್ಲಿ ಇದೆ, ಬೆಲ್ಟೂ ಇದೆ. ನೂರೈವತ್ತು ಕಿಲೋ ಮೋಟಾರು ದಿನಾ ಎತ್ತಿ ಇಳಿಸ್ತೀವಿ. ಅಪ್ಪ ಎಂಬತ್ತು ಕಿಲೋ ದಾಟಿರಲಿಲ್ಲ. ಬನ್ನಿ ಮಾವ, ಒಂದು ಕೈ ಹಿಡೀರಿ,” ಎಂದಳು ಮೇಷ್ಟ್ರಿಗೆ.

*

ಪೆಟ್ಟಿಗೆಯೊಳಗಿನವನನ್ನು ಊರೆಲ್ಲ ಸುರುಳಿ ಎಂದೇ ಕರೆಯುತ್ತಿತ್ತು. ಸುಟ್ಟುಹೋದ ಮೋಟಾರುಗಳ ಹೊಟ್ಟೆ ಬಗೆದು, ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಒಳಗೆ ಕೂರಿಸುವುದು ಅವನ ಕಸುಬು. ವಯಸ್ಸಾದ ಮೇಲೆ ಸುರುಳಿಯಣ್ಣ ಆದ. ಅಷ್ಟೇ ಬಡ್ತಿ.

ಮೇಷ್ಟ್ರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದಕ್ಕಿಂತ ಬರೆಸುತ್ತಿದ್ದರು. ಪರೀಕ್ಷೆಗೆ ಬರುವುದನ್ನು ಹಲಗೆಯ ಮೇಲೆ ಬರೆದರೆ ನಲವತ್ತೆಂಟು ತಲೆಗಳು ಬಗ್ಗಿ ನಕಲು ಮಾಡಿಕೊಳ್ಳುತ್ತಿದ್ದವು. “ಏನಾದರೂ ಕೇಳುವುದಿದೆಯಾ?” ಎಂದರೆ ಯಾರಾದರೂ ಒಬ್ಬರು ಎದ್ದು, “ಅಡಿಗೆರೆ ಎಳೀಬೇಕಾ ಸಾರ್?” ಎನ್ನುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದಿನ ಒಂದು ಶನಿವಾರ ಮಧ್ಯಾಹ್ನ ಅವರು ಮನೆಯ ಫ್ಯಾನು ಹೊತ್ತುಕೊಂಡು ಸುರುಳಿಯ ಅಂಗಡಿಗೆ ಬಂದರು. ಅವನು ಫ್ಯಾನಿನ ಮುಚ್ಚಳ ಬಿಚ್ಚುತ್ತ, ತಲೆ ಎತ್ತದೆ ಕೇಳಿದ:

“ಮೇಷ್ಟ್ರೇ, ಭೂಮಿಯೇ ಒಂದು ಅಯಸ್ಕಾಂತ ಅಂತೀರಲ್ಲ, ನಿಜಾನಾ?”

“ನಿಜ. ದೊಡ್ಡದು, ಆದರೆ ಬಹಳ ಸಾಧು. ದಿಕ್ಸೂಚಿಯ ಮುಳ್ಳು ತಿರುಗಿಸೋಷ್ಟು ಮಾತ್ರ ಶಕ್ತಿ.”

“ಇಲ್ಲಿ ಈ ಮೋಟಾರೊಳಗೆ ತಂತಿಗೆ ಕರೆಂಟು ಬಿಟ್ರೆ ಅಯಸ್ಕಾಂತ ಅದನ್ನ ತಳ್ಳುತ್ತೆ. ಹಾಗಾದ್ರೆ ಬಯಲಲ್ಲಿ ಒಂದು ತಂತಿ ಇಟ್ಟು ಕರೆಂಟು ಬಿಟ್ರೆ ಭೂಮಿ ಅದನ್ನ ಮೇಲಕ್ಕೆ ತಳ್ಳಬೇಕಲ್ಲ? ತೇಲಬೇಕಲ್ಲ?”

ಮೇಷ್ಟ್ರು ಸ್ಟೂಲಿನಿಂದ ಎದ್ದು ನಿಂತರು. ಹನ್ನೊಂದು ವರ್ಷದ ನೌಕರಿಯಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಮೋಟಾರಿನೊಳಗೆ ತಂತಿಯ ಕೆಳಗೆ ಹಾಸುವ ದಪ್ಪ ಕಾಗದದ ತುಂಡೊಂದು ಮೇಜಿನ ಮೇಲಿತ್ತು. ಅದರ ಮೇಲೆ ಒಂದು ಗೆರೆ ಎಳೆದು, ಪಶ್ಚಿಮದಿಂದ ಪೂರ್ವಕ್ಕೆ ಒಂದು ಬಾಣ ಹಾಕಿ, ಲೆಕ್ಕ ಮಾಡಿದರು. ಒಂದು ಮೀಟರು ತಂತಿ, ಸಾವಿರ ಆಂಪಿಯರು. ಎದ್ದದ್ದು ಮೂರು ಗ್ರಾಂ ಚಿಲ್ಲರೆ.

“ಆಗುತ್ತೆ!” ಎಂದರು ಮೇಷ್ಟ್ರು. ಅವರ ದನಿ ಕೊಂಚ ಏರಿತ್ತು. “ಕಾಗದದ ಮೇಲೆ ಆಗುತ್ತೆ. ಮೂರು ಗ್ರಾಂ ಎದ್ದ ಮೇಲೆ ಮೂರು ಕಿಲೋ ಅನ್ನೋದು ಬರೀ ತಂತಿಯ ಮಾತು.”

ಸುರುಳಿ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಮೇಷ್ಟ್ರ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ. “ಹಾಗಾದ್ರೆ ನಾಳೆ ಭಾನುವಾರ. ಬರ್ತೀರಾ?” ಎಂದ.

ರಸ್ತೆಯ ಕೊನೆಯ ಅಂಚೆ ಡಬ್ಬಿ ತಲುಪುವಷ್ಟರಲ್ಲಿ ಮೇಷ್ಟ್ರಿಗೆ ತಪ್ಪು ಹೊಳೆಯಿತು. ಕರೆಂಟು ಹೋದಲ್ಲೇ ಉಳಿಯುವುದಿಲ್ಲ, ಮರಳಿ ಬ್ಯಾಟರಿಗೆ ಬರಬೇಕು. ಹೋಗುವ ತಂತಿಯನ್ನು ಭೂಮಿ ಎಷ್ಟು ಮೇಲಕ್ಕೆ ತಳ್ಳುತ್ತದೋ, ಬರುವ ತಂತಿಯನ್ನು ಅಷ್ಟೇ ಕೆಳಕ್ಕೆ ಎಳೆಯುತ್ತದೆ. ಎರಡೂ ಸೇರಿದರೆ ಸೊನ್ನೆ. ಒಂಬತ್ತನೆಯ ತರಗತಿಯ ತಪ್ಪು! ಅವರು ಬರುವ ತಂತಿಯನ್ನು ಬರೆಯಲು ಮರೆತಿದ್ದರು.

ಕಿವಿ ಕೆಂಪಾಗಿ ಅವರು ತಿರುಗಿ ಬಂದರು. ಆದರೆ ಸುರುಳಿ ಆಗಲೇ ಅಂಗಡಿಯ ಮುಂದೆ ನಿಂತು, ಸಲೂನಿನವನಿಗೆ ಆ ಕಾಗದ ತೋರಿಸುತ್ತಿದ್ದ. “ಮೇಷ್ಟ್ರೇ ಲೆಕ್ಕ ಹಾಕಿದ್ದು ಕಣೋ. ಅವರು ಖುಷಿಯಾಗಿದ್ದು ನೀನು ನೋಡ್ಬೇಕಿತ್ತು.” ಮೇಷ್ಟ್ರು ಅಲ್ಲಿಂದಲೇ ಹಿಂತಿರುಗಿದರು. ನಾಳೆ ಹೇಳಿದರಾಯಿತು ಎಂದುಕೊಂಡರು.

ಮರುದಿನ ಹೋಗಿ ನೋಡಿದರೆ ಮೇಜಿನ ಮೇಲೆ, ಕರೆಂಟು ಹರಿದಾಗ ತಂತಿ ಎಷ್ಟು ಹಗುರಾಗುತ್ತದೆಂದು ತೂಗಲು, ಒಂದು ತಕ್ಕಡಿ ಸಿದ್ಧವಾಗಿತ್ತು, ಎರಡು ಲೋಟ ಚಹಾ ಹಬೆಯಾಡುತ್ತಿತ್ತು.

*

ಅಂಗಡಿಯ ಶಟರು ಅರ್ಧ ಎತ್ತಿ ಮೇಷ್ಟ್ರೂ ಸುರುಳಿಯ ಮಗಳೂ ಬಗ್ಗಿ ಒಳಗೆ ಹೋದರು. ವಾರ್ನಿಷಿನ ವಾಸನೆ ಹಾಗೇ ಇತ್ತು. ಗುರುವಾರ ಮಧ್ಯಾಹ್ನ ಒಂದು ಪಂಪಿನ ಮೋಟಾರಿಗೆ ಹನ್ನೊಂದನೆಯ ಸುರುಳಿ ಕೂರಿಸುತ್ತಿದ್ದಾಗ ಅವನು ಮೇಜಿಗೆ ಒರಗಿದ್ದ, ಮತ್ತೆ ಎದ್ದಿರಲಿಲ್ಲ. ಉಳಿದ ಹದಿಮೂರನ್ನು ಶುಕ್ರವಾರ ಬೆಳಿಗ್ಗೆ ಮಗಳು ಮುಗಿಸಿದ್ದಳು. ಪಂಪಿನವರಿಗೆ ನೀರು ಬೇಕಿತ್ತು.

ಹಿಂಬದಿಯ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹೊದ್ದು ಆ ತಕ್ಕಡಿ ಕೂತಿತ್ತು. ಮೇಷ್ಟ್ರು ಅದರ ಹೊದಿಕೆಯ ಅಂಚನ್ನು ಮುಟ್ಟಿದರು.

“ಮಗಳೇ, ಒಂದು ಮಾತು ಹೇಳಬೇಕು. ಮೊದಲೇ ಹೇಳಬೇಕಿತ್ತು.”

“ಹೇಳಿ ಮಾವ,” ಎಂದಳು ಅವಳು, ಕೊಕ್ಕೆಯಿಂದ ಸರಪಳಿ ಬಿಡಿಸುತ್ತ.

“ಇದು ಏಳಲ್ಲ.”

“ಹೂಂ.”

“ಯಾವತ್ತೂ ಏಳ್ತಿರಲಿಲ್ಲ. ನಾನು ಅವತ್ತು ಲೆಕ್ಕ ತಪ್ಪು ಹಾಕಿದೆ. ಬರುವ ತಂತಿ ಬಿಟ್ಟುಬಿಟ್ಟೆ. ಅದೇ ದಿನ ನನಗೆ ಗೊತ್ತಾಯ್ತು, ಆದರೆ ನಿಮ್ಮಪ್ಪನಿಗೆ ಹೇಳೋಕೆ ಬಾಯಿ ಬರಲಿಲ್ಲ. ಬ್ಯಾಟರಿ ಸಾಲದು ಅಂದೆ, ಶಟರಿನ ಕಬ್ಬಿಣ ಅಡ್ಡ ಬರುತ್ತೆ ಅಂದೆ, ಅಲ್ಯೂಮಿನಿಯಂ ತಂತಿ ಹಾಕೋಣ ಅಂದೆ. ಅವನ ಇಪ್ಪತ್ತಾರು ವರ್ಷದ ಭಾನುವಾರಗಳನ್ನ ನಾನು ತಿಂದುಹಾಕಿದೆ ಕಣಮ್ಮ. ಈಗ ನಿಮ್ಮಮ್ಮ ಅದನ್ನೇ ನಿಜ ಅಂತ ಹೇಳು ಅಂತಿದಾಳೆ.”

ಸರಪಳಿಯ ಸದ್ದು ನಿಂತಿತು. ಮಗಳು ಅವರನ್ನೇ ನೋಡುತ್ತಿದ್ದಳು. ಅವಳ ತುಟಿಯ ಒಂದು ಕೊನೆ ನಡುಗಿತು. ಅಳುತ್ತಾಳೆ ಎಂದುಕೊಂಡರು ಮೇಷ್ಟ್ರು. ಅವಳು ನಗು ತಡೆಯುತ್ತಿದ್ದಳು.

“ಮಾವ, ಅಪ್ಪನ ಕಸುಬು ಯಾವುದು?”

“ಯಾಕಮ್ಮ?”

“ಹತ್ತು ವರ್ಷದವಳಿದ್ದಾಗ ಇದೇ ಸ್ಟೂಲಿನ ಮೇಲೆ ಕೂರಿಸಿ ನನಗೆ ಮೊದಲು ಹೇಳಿಕೊಟ್ಟದ್ದೇ ಅದು. ಈ ಕಿಂಡಿಯಲ್ಲಿ ಹೋಗೋ ತಂತಿ, ಆ ಕಿಂಡಿಯಲ್ಲಿ ಬರೋ ತಂತಿ. ಒಂದನ್ನ ಮೇಲಕ್ಕೆ ತಳ್ಳಿದ್ರೆ ಇನ್ನೊಂದನ್ನ ಕೆಳಕ್ಕೆ ತಳ್ಳುತ್ತೆ, ಅದಕ್ಕೇ ಮೋಟಾರು ತಿರುಗುತ್ತೆ. ಎರಡನ್ನೂ ಒಂದೇ ಕಡೆ ತಳ್ಳಿದ್ರೆ ತಿರುಗಲ್ಲ ಮಗಳೇ, ಎದ್ದು ಓಡಿಹೋಗುತ್ತೆ ಅಂತ ನಗಾಡ್ತಿದ್ದ. ದಿನಕ್ಕೆ ಸಾವಿರ ಸಲ ತಂತಿ ಆ ಕಡೆ ಹಾಕಿ ಈ ಕಡೆ ತರೋನಿಗೆ ಬರೋ ತಂತಿ ಮರೆತುಹೋಗುತ್ತಾ?”

ಮೇಷ್ಟ್ರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

ಅವಳು ಗೋಡೆಯತ್ತ ಕೈ ತೋರಿದಳು. ಆ ದಪ್ಪ ಕಾಗದ, ಹಳದಿಗಟ್ಟಿ, ನಾಲ್ಕು ಮೊಳೆಗಳ ಮೇಲೆ ಅಲ್ಲೇ ಇತ್ತು. ಇಪ್ಪತ್ತಾರು ವರ್ಷ ಮೇಷ್ಟ್ರು ತಮ್ಮ ತಪ್ಪಿನ ಮುಖ ನೋಡಲಾರದೆ ಅದಕ್ಕೆ ಬೆನ್ನು ಮಾಡಿಯೇ ಚಹಾ ಕುಡಿದಿದ್ದರು. ಈಗ ಎದ್ದು ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದರು. ಪೂರ್ವಕ್ಕೆ ಹೊರಟ ಅವರ ಬಾಣದ ಕೆಳಗೆ, ಪಶ್ಚಿಮಕ್ಕೆ ಮರಳುವ ಇನ್ನೊಂದು ಬಾಣ. ಪೆನ್ಸಿಲಿನದು. ಬರೆದವನೇ ರಬ್ಬರಿನಿಂದ ಉಜ್ಜಿ ಅಳಿಸಿದ್ದ. ಆದರೆ ತಂತಿ ಬಗ್ಗಿಸುವ ಕೈ, ಒತ್ತಿ ಬರೆದದ್ದು, ಗುರುತು ಹೋಗಿರಲಿಲ್ಲ.

“ಇದು ಯಾವಾಗಿನದು?”

“ನೀವು ಅಂಗಡಿಯಿಂದ ಇಳಿದ ಕೂಡಲೇ ಬರೆದು, ಕೂಡಲೇ ಅಳಿಸಿದ್ನಂತೆ. ಮತ್ಯಾಕೆ ಅಪ್ಪ ಪ್ರತಿ ಭಾನುವಾರ ಈ ಆಟ ಅಂತ ಕೇಳಿದೆ ಒಂದ್ಸಲ.”

“ಏನಂದ?”

ಮಗಳು ಕೊಂಚ ಅನುಮಾನಿಸಿದಳು. “‘ಶ್! ಅದು ಮೇಷ್ಟ್ರ ವಿಷಯ. ಪಾಪ, ಎಷ್ಟು ಖುಷಿಯಾಗಿ ಲೆಕ್ಕ ಹಾಕಿದ್ರು. ಅವರನ್ನ ಯಾರೂ ಏನೂ ಕೇಳಲ್ಲ ಕಣೇ’ ಅಂದ.”

“ಪಾಪ ಅಂದನಾ?”

“ಅಂದ.”

ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಅವನ ಮೇಲೆ ಕನಿಕರವಿಟ್ಟು, ಅವನ ಮನಸ್ಸು ನೋಯದಿರಲೆಂದು ಎಷ್ಟೆಲ್ಲ ಸುಳ್ಳು ಹೊಸೆದಿದ್ದರು! ಕನಿಕರದ ಸರಬರಾಜು ಆ ಕಡೆಯಿಂದಲೂ ಅಷ್ಟೇ ನಡೆದಿತ್ತೆಂದರೆ ಏನರ್ಥ? ಸತ್ತವನನ್ನು ಹಿಡಿದು ಬೈಯಲೂ ಬರುವಂತಿರಲಿಲ್ಲ.

“ಅಮ್ಮನಿಗೆ ಮಾತ್ರ ಗೊತ್ತಿಲ್ಲ ಮಾವ,” ಎಂದಳು ಮಗಳು, ಸರಪಳಿಯನ್ನು ಹೆಗಲಿಗೇರಿಸಿ. “ಅವಳು ನಿಜವಾಗ್ಲೂ ನಂಬಿದಾಳೆ. ಏನು ಹೇಳ್ತೀರೋ ನಿಮಗೇ ಬಿಟ್ಟದ್ದು. ಆ ಬೆಲ್ಟು ತಗೊಳ್ಳಿ.”

*

ಹಿಂದೊಂದು ಭಾನುವಾರ ಮೇಷ್ಟ್ರೂ ಸುರುಳಿಯೂ ತಕ್ಕಡಿ ಬಿಟ್ಟು, ತಂತಿಯ ಸುರುಳಿಯೊಂದನ್ನೇ ಮೂರು ಕಂಬದ ಮರದ ಚೌಕಟ್ಟಿಗೆ ನೂಲಿನಲ್ಲಿ ತೂಗುಹಾಕಿ ಆಟದ ಬಯಲಿಗೆ ಒಯ್ದಿದ್ದರು. ಸುತ್ತ ಎಲ್ಲೂ ಕಬ್ಬಿಣ ಇರಬಾರದೆಂದು ಮೇಷ್ಟ್ರ ಹೊಸ ನೆಪ. ಸುರುಳಿ ತನ್ನ ಬೆಲ್ಟಿನ ಬಕಲು ಕೂಡ ಬಿಚ್ಚಿ ದೂರ ಇಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಬ್ಯಾಟರಿಗೆ ತಂತಿ ಮುಟ್ಟಿಸಿದ.

ಆಗಲೂ ಅದು ಏಳಲಿಲ್ಲ. ಆದರೆ ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಮೆಲ್ಲಗೆ ತಿರುಗಿತು. ಅತ್ತ ಹೋಯಿತು, ಇತ್ತ ಬಂತು, ಮತ್ತೆ ಕೊಂಚ ಅತ್ತ, ಕೊಂಚ ಇತ್ತ. ಕೊನೆಗೆ ಒಂದು ಕಡೆ ನಿಂತಿತು. ಮೇಷ್ಟ್ರು ದಿಕ್ಸೂಚಿ ತೆಗೆದು ನೋಡಿದರು: ಮೇಲಿನ ತಂತಿಯಲ್ಲಿ ಕರೆಂಟು ಸರಿಯಾಗಿ ಪೂರ್ವಕ್ಕೆ ಹರಿಯುತ್ತಿತ್ತು, ಕೆಳಗಿನದರಲ್ಲಿ ಪಶ್ಚಿಮಕ್ಕೆ.

“ಎತ್ತಲ್ಲ ಇದು,” ಎಂದಿದ್ದ ಸುರುಳಿ, ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು. “ಆದ್ರೆ ನಾವು ಇಲ್ಲಿದೀವಿ ಅಂತ ಅದಕ್ಕೆ ಗೊತ್ತಾಗಿದೆ, ಅಲ್ವಾ ಮೇಷ್ಟ್ರೇ?”

ಅವತ್ತು ಮೇಷ್ಟ್ರಿಗೆ ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಬಾಯಿ ತೆರೆದರು. ಸುರುಳಿ ತಟ್ಟನೆ, “ಮುಂದಿನ ವಾರ ಇನ್ನೂ ತೆಳು ತಂತಿ ತರಿಸ್ತೀನಿ,” ಎಂದುಬಿಟ್ಟ.

ಅವನು ಬೇಕೆಂದೇ ಮಾತು ತಡೆದದ್ದು ಎಂದು ಮೇಷ್ಟ್ರಿಗೆ ಆಗ ಹೊಳೆದಿರಲಿಲ್ಲ.

*

ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಆ ಕಟ್ಟಡ ಹಿಂದೆ ದಾಸ್ತಾನು ಮಳಿಗೆಯಾಗಿತ್ತು. ಮೂಟೆಗಳನ್ನು ಎಳೆಯಲೆಂದು ಬಾಲ್ಕನಿಯ ಮೇಲೆ ರಸ್ತೆಯತ್ತ ಚಾಚಿದ್ದ ಕಬ್ಬಿಣದ ತೊಲೆ ಇನ್ನೂ ಗಟ್ಟಿಯಾಗಿತ್ತು. ಬಡಗಿ ಏಣಿ ಹತ್ತಿ ಅದಕ್ಕೆ ಪುಲ್ಲಿ ಸಿಕ್ಕಿಸಿದ. ಪೆಟ್ಟಿಗೆಗೆ ಎರಡು ಬೆಲ್ಟು ಬಿಗಿಯಾಯಿತು. ಎಲ್ಲ ಮುಗಿಯುವವರೆಗೂ ಮೇಷ್ಟ್ರು ಗೋಡೆ ಪಕ್ಕ ನಿಂತು ಬಾಯಿಯೊಳಗೆ ವಾಕ್ಯಗಳನ್ನು ಕಟ್ಟಿ ಕಟ್ಟಿ ಬಿಚ್ಚುತ್ತಿದ್ದರು. ಮಣ್ಣು ಹಾಕುವ ಜಾಗದವರೆಗೆ ಇದನ್ನು ಹೊತ್ತುಕೊಂಡು ಹೋಗುವುದು ಅವರಿಂದ ಆಗುವಂತಿರಲಿಲ್ಲ.

“ತಂಗೀ, ನಾನು ಅಲ್ಲಿ ಮಾತಾಡಲ್ಲ. ಇಲ್ಲೇ ಹೇಳ್ತೀನಿ.”

ಸಲೂನಿನವನು ಬೆಲ್ಟಿನ ತುದಿ ಕೈಯಲ್ಲಿ ಹಿಡಿದೇ ತಿರುಗಿದ.

“ಅದು ಏಳಲ್ಲ. ಲೆಕ್ಕ ತಪ್ಪು. ತಪ್ಪು ಮಾಡಿದೋನು ನಾನು, ಅವನಲ್ಲ. ಹೋಗುವ ತಂತಿಯನ್ನ ಭೂಮಿ ಎತ್ತಿದ್ರೆ ಬರುವ ತಂತಿಯನ್ನ ಅಷ್ಟೇ ಒತ್ತುತ್ತೆ. ನಾನು ಬರುವ ತಂತಿ ಮರೆತಿದ್ದೆ.”

ಹೆಂಡತಿ ಕಣ್ಣು ಕಿರಿದು ಮಾಡಿದಳು. “ಅವರಿಗೆ ಹೇಳ್ಲಿಲ್ವಾ ನೀವು?”

“ಹೇಳ್ಲಿಲ್ಲ. ಆದ್ರೆ ಅವನಿಗೆ ಗೊತ್ತಿತ್ತು. ನನಗದು ಈಗ ಗೊತ್ತಾಯ್ತು.”

“ಯಾವಾಗಿಂದ ಗೊತ್ತಿತ್ತು ಅವರಿಗೆ?”

“ಮೊದಲ ದಿನದಿಂದ.”

“ನಿಮಗೆ?”

“ನನಗೂ... ಮೊದಲ ದಿನವೇ. ಅಂಚೆ ಡಬ್ಬಿ ಹತ್ತಿರ ಹೋಗುವಷ್ಟರಲ್ಲಿ.”

ಆಕೆ ಮಗಳತ್ತ ನೋಡಿದಳು. ಮಗಳು ಪುಲ್ಲಿಯ ಕೊಕ್ಕೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು.

“ನಿನಗೂ?”

“ಹೂಂ ಅಮ್ಮ.”

“ಅಂದ್ರೆ ಏಳಲ್ಲ ಅಂತ ಇಬ್ಬರಿಗೂ ಗೊತ್ತಿದ್ದು, ಇಪ್ಪತ್ತಾರು ವರ್ಷ ಬಾಗಿಲು ಹಾಕ್ಕೊಂಡು ಕೂತಿದ್ರಿ. ನಾನು ಪ್ರತಿ ಭಾನುವಾರ ಈ ಮೆಟ್ಟಿಲು ಇಳಿದು ಎರಡೆರಡು ಸಲ ಚಹಾ ತಂದುಕೊಟ್ಟೆ.” ಆಕೆಯ ದನಿ ಏರಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ಕಷ್ಟವಾಯಿತು. “ಏನು ಮಾಡ್ತಿದ್ರಿ ಅಲ್ಲಿ?”

ಮೇಷ್ಟ್ರು ಯೋಚಿಸಿದರು. ಪ್ರಾಮಾಣಿಕವಾಗಿ ಯೋಚಿಸಿದರು.

“ತೂಗ್ತಿದ್ವಿ,” ಎಂದರು.

ಸಲೂನಿನವನ ಮೂಗಿನ ಹೊಳ್ಳೆ ಅರಳಿತು. ಆಕೆ ಅವನತ್ತ ಬೆರಳೆತ್ತಿದಳು. “ನೀನು ನಗಬೇಡ. ಇಷ್ಟು ವರ್ಷ ನೀನು ನಕ್ಕದ್ದೆಲ್ಲ ದಂಡ. ಗೊತ್ತಿಲ್ಲದೋನು ಅಂತ ತಾನೇ ನಗ್ತಿದ್ದದ್ದು? ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು.”

“ಸರಿ ಅಕ್ಕ,” ಎಂದ ಅವನು. ಆ ಬೀದಿಯಲ್ಲಿ ಅವನು ಎರಡೇ ಪದಗಳಲ್ಲಿ ಮಾತು ಮುಗಿಸಿದ್ದನ್ನು ಯಾರೂ ಕೇಳಿರಲಿಲ್ಲ.

ಆಕೆ ಪೆಟ್ಟಿಗೆಯ ಹತ್ತಿರ ಹೋದಳು. ಮುಚ್ಚಳದ ಮೇಲೆ ಮೆಟ್ಟಿಲ ತಿರುವಿನ ಸುಣ್ಣ ಮೆತ್ತಿತ್ತು. ಅದನ್ನು ಅಂಗೈಯಿಂದ ಒರೆಸಿದಳು, ಒಂದು ಸಲ, ಇನ್ನೊಂದು ಸಲ. “ಭಾನುವಾರ ಬೆಳಿಗ್ಗೆ ಇವರು ಬೇಗ ಗಡ್ಡ ಕೆರ್ಕೊಳ್ತಿದ್ರು,” ಎಂದಳು, ಯಾರಿಗೂ ಅಲ್ಲದ ಹಾಗೆ. “ಪರೀಕ್ಷೆ ಇರೋರ ಹಾಗೆ.” ಆಮೇಲೆ ಕೈ ತೆಗೆದಳು.

“ಎತ್ತಿ.”

*

ಸರಪಳಿ ಕಟಕಟ ಎಂದಿತು. ಮಗಳು ಎಳೆದಂತೆಲ್ಲ ಪೆಟ್ಟಿಗೆ ನೆಲ ಬಿಟ್ಟು ಒಂದು ಗೇಣು, ಒಂದು ಮೊಳ ಎದ್ದಿತು. ಬಡಗಿಯೂ ಸಲೂನಿನವನೂ ಅದನ್ನು ಮೆಲ್ಲಗೆ ಕಟಕಟೆಯಾಚೆ ನೂಕಿ ಕೈ ಬಿಟ್ಟರು. ಪೆಟ್ಟಿಗೆ ರಸ್ತೆಯ ಮೇಲಿನ ಬಯಲಿಗೆ ಬಂತು.

ಕೈ ಬಿಟ್ಟ ಕೂಡಲೇ ಅದು ತಿರುಗತೊಡಗಿತು. ತಲೆಯ ತುದಿ ಸಲೂನಿನ ಬಾಗಿಲನ್ನು ದಾಟಿ, ವಿದ್ಯುತ್ ಕಂಬ ದಾಟಿ, ರಸ್ತೆಯ ಕೊನೆಯ ಅಂಚೆ ಡಬ್ಬಿಯವರೆಗೆ ಹೋಯಿತು. ಅಲ್ಲಿ ಯೋಚಿಸುವಂತೆ ನಿಂತು, ಮರಳಿತು. ಮತ್ತೆ ಹೋಯಿತು, ಈ ಸಲ ಕೊಂಚ ಕಡಿಮೆ. ಸರಪಳಿಯ ತಿರುಚು ಬಿಚ್ಚುತ್ತಿದೆ, ಅಷ್ಟೇ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಅವರ ಕೈ ಜೇಬಿನೊಳಗೆ ದಿಕ್ಸೂಚಿಯನ್ನು ಹುಡುಕಿ ಹಿಡಿಯಿತು. ಹೊರಗೆ ತೆಗೆಯಲಿಲ್ಲ.

ಪೆಟ್ಟಿಗೆ ನಿಂತಿತು.

“ಇಳಿಸಮ್ಮ,” ಎಂದು ಕೆಳಗಿನಿಂದ ಡ್ರೈವರ್ ಕೂಗಿದ. “ವ್ಯಾನು ಸರಿಯಾಗಿ ಕೆಳಗೇ ನಿಲ್ಲಿಸ್ತೀನಿ, ಹಿಂದಕ್ಕೆ ತಗೊಳ್ಲಾ?”

ಮಗಳು ಸರಪಳಿಗೆ ಕೈ ಹಾಕಿದಳು.

“ಇರು,” ಎಂದಳು ಅಮ್ಮ, ಕಟಕಟೆ ಹಿಡಿದು. “ಸ್ವಲ್ಪ ಹೊತ್ತು ಹಾಗೇ ಇರಲಿ.”

ಡ್ರೈವರ್ ಎಂಜಿನ್ ಆರಿಸಿದ. ಸಲೂನಿನವನು ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಕೆಳಗೆ ಖಾಲಿ ರಸ್ತೆಯ ಮೇಲೆ ಪೆಟ್ಟಿಗೆಯ ನೆರಳು ಅಂಚು ತಪ್ಪದೆ ಬಿದ್ದಿತ್ತು. ನೆರಳಿಗೂ ಪೆಟ್ಟಿಗೆಗೂ ನಡುವೆ ಹದಿನಾಲ್ಕು ಅಡಿ ಬರೀ ಗಾಳಿ.